ಈಜಿಪ್ಟ್‌ನಲ್ಲಿ ಅರ್ಧ ಮಕ್ಕಳು ತಾಂತ್ರಿಕ ಶಾಲೆಗೇ ಹೋಗ್ತಾರೆ, ಆದ್ರೂ ಫ್ಯಾಕ್ಟರಿಗೆ ಜನ ಸಿಗಲ್ಲ. ಯಾಕೆ?

ಲೇತ್ ಬಾಬು

ಅರಬ್ ದೇಶಗಳ ಕೈಗಾರಿಕಾ ತರಬೇತಿ ಬಗ್ಗೆ ಗೊತ್ತಿರೋರು ಇಲ್ಲಿ ಕೆಲವರಿದ್ದೀರಿ, ಅದಕ್ಕೇ ಕೇಳ್ತಿದೀನಿ.

ಈಜಿಪ್ಟ್‌ನಲ್ಲಿ ಒಂಬತ್ತನೇ ಕ್ಲಾಸಿನ ಪರೀಕ್ಷೆ ಆದ್ಮೇಲೆ ಹೆಚ್ಚುಕಮ್ಮಿ ಅರ್ಧ ಮಕ್ಕಳು ಮೂರು ವರ್ಷದ ತಾಂತ್ರಿಕ ಡಿಪ್ಲೊಮಾಗೆ ಸೇರ್ತಾರೆ. ಆದ್ರೂ ಕಾರ್ಖಾನೆಯೋರು ನುರಿತ ಕೆಲಸಗಾರ ಸಿಗ್ತಿಲ್ಲ ಅಂತಾರೆ, ಡಿಪ್ಲೊಮಾ ಹಿಡ್ಕೊಂಡೋರು ಕೆಲಸ ಸಿಗ್ತಿಲ್ಲ ಅಂತಾರೆ. ಮೊರಾಕೊ ಅದಕ್ಕಿಂತ ಸಣ್ಣ ದೇಶ. 2012ರಲ್ಲಿ ಟ್ಯಾಂಜಿಯರ್ ಹತ್ರ ರೆನೋ ಕಾರ್ಖಾನೆ ಶುರುವಾಯ್ತು, ಈಗ ಅಲ್ಲಿ ಕಾರು ಉದ್ಯಮದ ರಫ್ತು ಹಳೇ ಮುಖ್ಯ ರಫ್ತಾದ ಫಾಸ್ಫೇಟಿಗೇ (ಗೊಬ್ಬರದ ಖನಿಜ) ಪೈಪೋಟಿ ಕೊಡ್ತಿದೆ. ಸೌದಿಗೆ ದುಡ್ಡಿನ ಬರ ಇಲ್ಲ, 1949ರಲ್ಲೇ ಜೆಡ್ಡಾದಲ್ಲಿ ಕೈಗಾರಿಕಾ ಶಾಲೆ ತೆಗೆದ ದೇಶ. ಆದ್ರೆ ಇವತ್ತಿಗೂ ವೆಲ್ಡರು, ಎಸಿ ಮೆಕ್ಯಾನಿಕ್ಕು ನಮ್ಮ ಕಡೆಯಿಂದ್ಲೇ ಹೋಗ್ಬೇಕು.

ತಪ್ಪಿರೋದು ಪಠ್ಯದಲ್ಲೋ, ಮೇಷ್ಟ್ರಲ್ಲೋ, ಅಲ್ಲ ಆ ಸಮಾಜದಲ್ಲೇನಾದ್ರೂ ಇದೆಯೋ?

ಕಡ್ಡಿಪುಡಿ

ಇದಕ್ಕೆಲ್ಲ ತಲೆ ಕೆಡಿಸ್ಕೋಬೇಕಾ ಗುರು? ಕೈ ಕೊಳೆ ಆಗೋ ಕೆಲಸ ಅಂದ್ರೆ ಆ ಕಡೆ ಮೂಗು ಮುರೀತಾರೆ. ಧರ್ಮದಲ್ಲೂ ಹಂಗೇ ಇರ್ಬೇಕು.

ಹಳೇ ಕಡತ

ಇರ್ಬೇಕು ಅಂತ ಊಹೆ ಮಾಡೋ ಬದಲು ನೋಡಿ ಹೇಳಿ ಸ್ವಾಮಿ. ಕುರಾನಿನ 34ನೇ ಅಧ್ಯಾಯದಲ್ಲಿ ಪ್ರವಾದಿ ದಾವೂದರಿಗೆ ಕಬ್ಬಿಣ ಮೆದುವಾಗಿಸಿ ಕೊಟ್ಟು ಕವಚ ಮಾಡು ಅಂದ ಮಾತಿದೆ. ಸ್ವಂತ ಕೈದುಡಿಮೆಯ ಊಟಕ್ಕಿಂತ ಒಳ್ಳೆ ಊಟ ಇಲ್ಲ ಅನ್ನೋ ಹದೀಸು (ಪ್ರವಾದಿಯ ಮಾತು) ಬುಖಾರಿ ಸಂಗ್ರಹದಲ್ಲೇ ಸಿಗುತ್ತೆ. ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ಮುಕದ್ದಿಮ ಅನ್ನೋ ಗ್ರಂಥದಲ್ಲಿ ಕಸುಬುಗಳಿಗೇ ಒಂದು ರಾಶಿ ಅಧ್ಯಾಯ ಇದೆ. ಮತ್ತೆ ಮತ್ತೆ ಮಾಡಿದ್ರೆ ಮಾತ್ರ ಕಸುಬು ಕೈಗೆ ಕೂರುತ್ತೆ, ಕೇಳಿ ಕಲಿಯೋದಕ್ಕಿಂತ ಕಣ್ಣಾರೆ ನೋಡಿ ಕಲಿಯೋದು ಗಟ್ಟಿ, ಊರು ಬೆಳೆದು ಗಿರಾಕಿ ಇದ್ರೆ ಕಸುಬು ಬೆಳೆಯುತ್ತೆ, ಗಿರಾಕಿ ಹೋದ್ರೆ ಸಾಯುತ್ತೆ ಅಂತ ಅಲ್ಲೇ ವಾದಿಸಿದ್ದಾರೆ. ಆ ಕೊನೇ ಮಾತೇ ಬಾಬು ಅವರ ಪ್ರಶ್ನೆಗೆ ಅರ್ಧ ಉತ್ತರ.

ಆಟೊಮನ್ (ತುರ್ಕಿ ಸಾಮ್ರಾಜ್ಯದ) ಕಾಲಕ್ಕೆ ಬಂದ್ರೆ ಮಿದ್‌ಹತ್ ಪಾಷಾ ಅನ್ನೋ ಗವರ್ನರ್ 1860ರ ದಶಕದಲ್ಲಿ ಡ್ಯಾನ್ಯೂಬ್ ಕಡೆಯ ಪ್ರಾಂತ್ಯದಲ್ಲಿ ಅನಾಥ ಮಕ್ಕಳಿಗೆ ಕಸುಬು ಕಲಿಸೋ ಶಾಲೆ ತೆಗೆದ. 1869ರಲ್ಲಿ ಬಾಗ್ದಾದಿಗೆ ಗವರ್ನರ್ ಆಗಿ ಹೋದಾಗ ಅಲ್ಲೂ ಅಂಥದ್ದೇ ಶಾಲೆ ಬಂತು. ಒಂದು ಎಡವಟ್ಟು ಮಾತ್ರ ಅಲ್ಲಿಂದ್ಲೇ ಶುರು: ಕಸುಬಿನ ಶಾಲೆ ಅಂದ್ರೆ ದಿಕ್ಕಿಲ್ಲದ ಮಕ್ಕಳ ಶಾಲೆ ಅಂತ ಜನರ ಮನಸ್ಸಲ್ಲಿ ಕೂತುಬಿಡ್ತು.

ಕಡ್ಡಿಪುಡಿ

ಸರಿ, ಮೂಗು ಮುರಿಯೋದಂತೂ ನಿಜ ತಾನೆ?

ಅಂಕಿ ಗೌಡ

ಮುರೀತಾರೆ, ಆದ್ರೆ ಅದನ್ನ ಹುಟ್ಟಿಸಿದ್ದು ಮಾರ್ಕ್ಸ್ ಕಾರ್ಡು. ಈಜಿಪ್ಟ್‌ನಲ್ಲಿ ಒಂಬತ್ತನೇ ಕ್ಲಾಸಿನ ಅಂಕ ನೋಡಿ ಮೇಲಿನೋರನ್ನ ಸಾನವಿಯ್ಯ ಆಮ್ಮಕ್ಕೆ (ನಮ್ಮ ಪಿಯುಸಿ ಥರ, ಯೂನಿವರ್ಸಿಟಿ ದಾರಿ) ಕಳಿಸ್ತಾರೆ, ಉಳಿದೋರು ತಾಂತ್ರಿಕಕ್ಕೆ. ಆಸಕ್ತಿ ಇದ್ದು ಲೇತ್ ಮುಂದೆ ನಿಲ್ಲೋ ಹುಡುಗನಿಗೂ, ಅಂಕ ಬರ್ಲಿಲ್ಲ ಅಂತ ಅಲ್ಲಿ ಬಂದು ಬಿದ್ದ ಹುಡುಗನಿಗೂ ಒಂದೇ ಬೆಂಚು. ಅಲ್ಲಿಂದ ಯೂನಿವರ್ಸಿಟಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದ್ರೆ ಬಹಳ ಕಿರಿದು. ಇಷ್ಟಾದ ಮೇಲೆ ಯಾವ ಅಪ್ಪ ಅಮ್ಮ ಖುಷಿಯಿಂದ ಕಳಿಸ್ತಾರೆ?

ಇನ್ನೊಂದು, "ಅರ್ಧ ಮಕ್ಕಳು ತಾಂತ್ರಿಕ" ಅನ್ನೋ ಲೆಕ್ಕವೇ ಮೋಸ. ಅದರೊಳಗೆ ಕೈಗಾರಿಕಾ, ಕೃಷಿ, ವಾಣಿಜ್ಯ, ಹೋಟೆಲ್ ಎಲ್ಲಾ ಸೇರಿವೆ. ವಾಣಿಜ್ಯದ್ದೂ ದೊಡ್ಡ ಪಾಲು, ಅದ್ರಲ್ಲೂ ಹೆಣ್ಮಕ್ಕಳು ಜಾಸ್ತಿ. ಯಾಕಂದ್ರೆ ವಾಣಿಜ್ಯ ಶಾಲೆ ತೆಗೆಯೋಕೆ ಬೆಂಚು, ಬೋರ್ಡು, ಮೇಷ್ಟ್ರು ಸಾಕು. ಕೈಗಾರಿಕಾ ಶಾಲೆಗೆ ಯಂತ್ರ ಬೇಕು, ಮೂರು ಫೇಸ್ ಕರೆಂಟು ಬೇಕು, ತಿಂಗಳು ತಿಂಗಳು ಕಚ್ಚಾ ಸಾಮಾನು ಬೇಕು. ಸೀಟು ಹೆಚ್ಚಿಸು ಅಂತ ಮೇಲಿಂದ ಒತ್ತಡ ಬಂದಾಗ ಯಾವುದು ಹೆಚ್ಚುತ್ತೆ ಅಂತ ಊಹಿಸಿ.

ಇದರ ಮೇಲೆ 1964ರ ಕಾನೂನು. ಯೂನಿವರ್ಸಿಟಿ ಪದವೀಧರರಿಗೆ, ತಾಂತ್ರಿಕ ಡಿಪ್ಲೊಮಾದೋರಿಗೆ ಸರ್ಕಾರವೇ ಕೆಲಸ ಕೊಡುತ್ತೆ ಅಂತ ನಾಸರ್ ಸರ್ಕಾರ ಭರವಸೆ ಕೊಡ್ತು. ಆಗಿನಿಂದ ಡಿಪ್ಲೊಮಾ ಅಂದ್ರೆ ಸರ್ಕಾರಿ ಕೆಲಸದ ಸರದಿ ಚೀಟಿ. ಮಷಿನ್ ಬರುತ್ತೋ ಬಿಡುತ್ತೋ ಯಾರಿಗೆ ಬೇಕು? 1990ರ ದಶಕದ ಹೊತ್ತಿಗೆ ಆ ಸರದಿ ಹತ್ತು ವರ್ಷ ದಾಟಿತ್ತು, ಆದ್ರೂ ಜನ ಹೆಸರು ಬರೆಸಿ ಕಾಯ್ತಿದ್ರು.

ಹುಬ್ಳಿ ಮಂದಿ

ಗೌಡ್ರು ಹೇಳಿದ್ದು ಖರೆ ಅದ. ಆದ್ರ ಅದಕ್ಕೂ ಹಿಂದ ಹೋಗ್ರಿ. ಈಜಿಪ್ಟ್ ಆಳಿದ ಮೊಹಮ್ಮದ್ ಅಲಿ ಪಾಷಾನ ಕಾಲ (1805ರಿಂದ 1848) ಬಿಟ್ಟು ಈ ವಿಷಯ ಮಾತಾಡಾಕ ಬರಂಗಿಲ್ಲ.

ಬಿಸಿಲು ಮಚ್ಚೆ

ಅದಕ್ಕೂ ಮೊದಲು ಟೆಹರಾನಿನ ದಾರುಲ್ ಫುನೂನ್ ಬಂದಿತ್ತಲ್ವಾ? ಅರಬ್ಬರಲ್ಲಿ ಮೊದಲ ಪಾಲಿಟೆಕ್ನಿಕ್ ಅದೇ.

ಹಳೇ ಕಡತ

ಟೆಹರಾನ್ ಅರಬ್ ಅಲ್ಲ, ಇರಾನು. ಅದು 1851ರದ್ದು. ಕೈರೋದ ಬುಲಾಕ್ ಎಂಜಿನಿಯರಿಂಗ್ ಶಾಲೆ 1834ರಷ್ಟು ಹಿಂದಿನದು.

ಪಾಷಾನ ಕಥೆಯಲ್ಲಿ ಎರಡು ಭಾಗ ಇದೆ, ಎರಡನ್ನೂ ಬೇರೆ ಬೇರೆ ನೋಡ್ಬೇಕು. ಗೆದ್ದ ಭಾಗ: 1815ರ ಸುಮಾರಿಗೆ ನಿಕೊಲಾ ಮಸಾಬ್ಕಿ ಅನ್ನೋನನ್ನ ಮುದ್ರಣ ಕಲಿಯೋಕೆ ಮಿಲಾನ್‌ಗೆ ಕಳಿಸ್ತಾನೆ. ಅಚ್ಚು ಮೊಳೆ ಎರಕ ಹೊಯ್ಯೋದರಿಂದ ಹಿಡಿದು ಎಲ್ಲಾ ಕಲಿತು ಬಂದ ಅವನ ಕೈಗೇ 1820ರ ಹೊತ್ತಿಗೆ ಬುಲಾಕ್ ಮುದ್ರಣಾಲಯ ಬರುತ್ತೆ. ಯಂತ್ರ, ಕಲಿತ ಮನುಷ್ಯ, ಅಚ್ಚು ಹಾಕೋಕೆ ಬೇಕಾದ ಸೈನ್ಯದ ಕೈಪಿಡಿಗಳು, ಮೂರೂ ಒಟ್ಟಿಗೆ. 1826ರಲ್ಲಿ ಪ್ಯಾರಿಸ್‌ಗೆ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳ ತಂಡ ಹೋಯ್ತು. ಆ ತಂಡದ ಇಮಾಮ್ ಆಗಿ ಹೋದ ತಹ್ತಾವಿ ವಾಪಸ್ ಬಂದು 1835ರ ಭಾಷಾ ಶಾಲೆ ನಡೆಸ್ತಾನೆ, ಅಲ್ಲಿಂದ ತಾಂತ್ರಿಕ ಪುಸ್ತಕಗಳು ಅರಬ್ಬಿಗೆ ಬರ್ತವೆ.

ಸೋತ ಭಾಗ ಹತ್ತಿ ಗಿರಣಿಗಳು. ಯಂತ್ರಕ್ಕೆ ಕಲ್ಲಿದ್ದಲಿಲ್ಲ, ಹಾಗಾಗಿ ಹೆಚ್ಚಿನ ಕಡೆ ಎತ್ತು ಕಟ್ಟಿ ತಿರುಗಿಸಿದ್ರು. ಎತ್ತಿನ ಎಳೆತ ಒಂದೇ ಸಮ ಇರಲ್ಲ, ನೂಲು ಕಡೀತಿತ್ತು, ಹಲ್ಲುಚಕ್ರ ಮುರೀತಿತ್ತು. ಬೇರಿಂಗಿಗೆ ಮರಳು ಧೂಳು. ಜನರನ್ನ ಹಳ್ಳಿಯಿಂದ ಬಲವಂತವಾಗಿ ಹಿಡಿದು ತಂದಿದ್ರಿಂದ ಕಲಿಯೋ ಮನಸ್ಸೇ ಇರ್ಲಿಲ್ಲ. ಕೊನೆಗೆ 1838ರ ಬಾಲ್ಟಾ ಲಿಮಾನ್ ಒಪ್ಪಂದ (ಬ್ರಿಟನ್ ಜೊತೆ ಆಟೊಮನ್ನರ ವ್ಯಾಪಾರ ಕರಾರು) ಸರ್ಕಾರದ ಏಕಸ್ವಾಮ್ಯ ಮುರೀತು, 1841ರಲ್ಲಿ ಸೈನ್ಯಕ್ಕೆ 18,000ದ ಮಿತಿ ಬಿತ್ತು. ಬಟ್ಟೆ, ಬಂದೂಕು ಎಲ್ಲಾ ಕೊಳ್ತಿದ್ದೋನು ಸೈನ್ಯ ಒಬ್ಬನೇ. ಗಿರಾಕಿ ಹೋದ, ಗಿರಣಿ ಹೋಯ್ತು, ಮುಂದೆ ಪಾಷಾನ ಮೊಮ್ಮಗ ಅಬ್ಬಾಸ್ ಪಟ್ಟಕ್ಕೆ ಬಂದು ಶಾಲೆಗಳಲ್ಲಿ ಬಹಳಷ್ಟಕ್ಕೆ ಬೀಗ ಹಾಕಿದ. ಪಠ್ಯ ಚೆನ್ನಾಗಿತ್ತೋ ಇಲ್ವೋ ಅನ್ನೋ ಪ್ರಶ್ನೆಯೇ ಏಳ್ಲಿಲ್ಲ.

ಹುಬ್ಳಿ ಮಂದಿ

ಇದನ್ನ ನಾ ಬರ್ಯಾಂವ ಇದ್ದೆ, ನೀವ ಬರದ್ರಿ. ಚಲೋ ಆತು.

ರಾಡ್ ಹೋಲ್ಡರ್

ಇತಿಹಾಸ ಸರಿ. ಈಗ ಶಾಲೆಯ ವರ್ಕ್‌ಶಾಪ್ ಒಳಗೆ ಬನ್ನಿ, ವೆಲ್ಡಿಂಗ್ ಒಂದನ್ನೇ ಹಿಡೀರಿ.

3.15 ಮಿ.ಮೀ. ದಪ್ಪ, 350 ಮಿ.ಮೀ. ಉದ್ದದ 6013 ನಂಬರಿನ ವೆಲ್ಡಿಂಗ್ ರಾಡು ಒಂದು ಕಿಲೋಗೆ 33ರ ಆಸುಪಾಸು ಬರುತ್ತೆ. 110 ಆಂಪಿಯರ್‌ನಲ್ಲಿ ಒಂದು ರಾಡು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಉರಿಯುತ್ತೆ. ಹೊಸಬನಿಗೆ ನಿಂತ ಪ್ಲೇಟಿನ ಮೇಲೆ ಕೆಳಗಿಂದ ಮೇಲಕ್ಕೆ ಎಳೆಯೋ 3ಜಿ ಕೈಗೆ ಕೂರಬೇಕಾದ್ರೆ ಬರೀ ಆರ್ಕ್ ಉರಿದ ಹೊತ್ತೇ 40 ಗಂಟೆ ಬೇಕು ಅಂತಿಟ್ಕೊಳ್ಳಿ. 2,400 ನಿಮಿಷ, ಅಂದ್ರೆ 2,200 ರಾಡು, ಅಂದ್ರೆ 65 ಕಿಲೋ ಮೇಲೆ. ಒಬ್ಬ ಹುಡುಗನಿಗೆ! 25 ಜನರ ಬ್ಯಾಚಿಗೆ ಒಂದೂವರೆ ಟನ್ ದಾಟ್ತು. ಜೊತೆಗೆ ಪ್ಲೇಟು: 150×100×10 ಮಿ.ಮೀ. ತುಂಡು ಒಂದಕ್ಕೆ 1.2 ಕಿಲೋ, ಜೋಡಿ ಬೇಕು. ಕತ್ತರಿಸಿ ಮತ್ತೆ ಬಳಸಬಹುದು, ಆದ್ರೆ ಅದಕ್ಕೆ ಗ್ಯಾಸ್ ಕಟಿಂಗು, ಗ್ರೈಂಡಿಂಗ್ ವೀಲು ಬೇಕು.

ಸರ್ಕಾರಿ ಶಾಲೆ ಬಜೆಟ್‌ನಲ್ಲಿ ಸಂಬಳಕ್ಕೆ ಹಣ ಇರುತ್ತೆ, ಕಟ್ಟಡಕ್ಕೂ ಇರುತ್ತೆ, ಹೊರದೇಶದ ನೆರವಿಂದ ಯಂತ್ರವೂ ಬರುತ್ತೆ. ಸುಟ್ಟು ಖಾಲಿಯಾಗೋ ಸಾಮಾನಿಗೆ ಇರಲ್ಲ. ಹಾಗಾಗಿ ಮೇಷ್ಟ್ರು ಒಂದು ರಾಡು ಎಳೆದು ತೋರಿಸ್ತಾರೆ, 25 ಜನ ಕಪ್ಪು ಗಾಜು ಹಿಡಿದು ನೋಡ್ತಾರೆ. ಅಷ್ಟಕ್ಕೇ ಡಿಪ್ಲೊಮಾ.

ಇನ್ನೂ ಕೆಟ್ಟದ್ದು 7018 ಅನ್ನೋ ಇನ್ನೊಂದು ರಾಡಿನ ಕಥೆ. ತೈಲ, ಅನಿಲದ ಕೆಲಸಕ್ಕೆ ಪೈಪನ್ನ 45 ಡಿಗ್ರಿ ಓರೆ ನಿಲ್ಲಿಸಿ 6ಜಿ ಪರೀಕ್ಷೆ ಮಾಡ್ತಾರೆ. ರೂಟ್ (ಒಳಗಿನ ಮೊದಲ ಪದರ) 6010 ರಾಡಲ್ಲಿ ಇಲ್ಲಾ ಟಿಗ್‌ನಲ್ಲಿ (ಗ್ಯಾಸ್ ರಕ್ಷಣೆಯ ಬೆಸುಗೆ), ಮೇಲಿನ ಪದರ 7018ರಲ್ಲಿ. 7018 ತೇವ ಹೀರಿದ್ರೆ ಬೆಸುಗೆ ಒಳಗೆ ಹೈಡ್ರೋಜನ್ ಸೇರಿ ಆಮೇಲೆ ಬಿರುಕು ಬಿಡುತ್ತೆ. ಅದಕ್ಕೇ 350 ಡಿಗ್ರಿ ಸೆ.ನಲ್ಲಿ ಒಂದೆರಡು ಗಂಟೆ ಕಾಯಿಸಿ, ಆಮೇಲೆ 120ರ ಆಸುಪಾಸಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು ಬಳಸ್ಬೇಕು. ಅಲೆಕ್ಸಾಂಡ್ರಿಯಾ, ಜೆಡ್ಡಾ ಥರದ ಕಡಲ ತೇವಕ್ಕೆ ಇದು ಇನ್ನೂ ಮುಖ್ಯ. ಕಾಯಿಸೋ ಒಲೆ ಇಲ್ಲದ ಶಾಲೆ 6013ರಲ್ಲೇ ಕೋರ್ಸ್ ಮುಗಿಸುತ್ತೆ. ಹುಡುಗ ಕಂಪನಿ ಕೆಲಸಕ್ಕೆ ತಗೊಳ್ಳೋ ಮುಂಚಿನ ಟೆಸ್ಟಲ್ಲಿ ಮೊದಲ ಪೈಪಿಗೇ ಫೇಲು. ಅಲ್ಲಿಗೆ "ಸ್ಥಳೀಯರಿಗೆ ಕೌಶಲ ಇಲ್ಲ" ಅಂತ ವರದಿ ರೆಡಿ.

ಕಡಲ್ಕರೆ

ಇದು ನಮ್ಮ ಐಟಿಐಗಳ ಕಥೆಯೂ ಹೌದಲ್ಲ ಮಾರಾಯ್ರೆ 😅

ಜಿ-ಕೋಡ್ ಗೀತಾ

ರಾಡ್ ಹೋಲ್ಡರ್ ಹೇಳಿದ್ದಕ್ಕೆ ಸೇರಿಸ್ತೀನಿ. ನೆರವಿಂದ ಬಂದ ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಯಂತ್ರ ಶಾಲೆಗಳಲ್ಲಿ ಸಾಯೋದಕ್ಕೆ ದೊಡ್ಡ ಕಾರಣ ಏನೂ ಬೇಕಿಲ್ಲ, ಬ್ಯಾಟರಿ ಸಾಕು. ಕಂಟ್ರೋಲರಿನ ಮೆಮೊರಿ ಬ್ಯಾಟರಿಯನ್ನ ವರ್ಷಕ್ಕೊಮ್ಮೆ, ಅದೂ ಯಂತ್ರ ಆನ್ ಇದ್ದಾಗಲೇ ಬದಲಿಸ್ಬೇಕು. ಬೇಸಿಗೆ ರಜೆಯಲ್ಲಿ ಮೇನ್ ಆಫ್ ಮಾಡಿ ಹೋಗ್ತಾರೆ, ಹಳೇ ಬ್ಯಾಟರಿ ಸತ್ತು ಪ್ಯಾರಾಮೀಟರ್ ಎಲ್ಲಾ ಅಳಿಸಿಹೋಗುತ್ತೆ. ಬ್ಯಾಕಪ್ ಯಾರೂ ತೆಗೆದಿಟ್ಟಿರಲ್ಲ. ಡೀಲರನ್ನ ಕರೆಸೋಕೆ ಟೆಂಡರ್ ಬೇಕು. ಯಂತ್ರಕ್ಕೆ ಬಟ್ಟೆ ಹೊದಿಸ್ತಾರೆ.

ಎರಡನೇದು ಕೂಲೆಂಟ್, ಅಂದ್ರೆ ಲೋಹ ಕತ್ತರಿಸುವಾಗ ತಂಪು ಮಾಡೋ ದ್ರವ. ನೀರಿಗೆ 5ರಿಂದ 8 ಪರ್ಸೆಂಟ್ ಎಣ್ಣೆ ಬೆರೆಸಿ ರಿಫ್ರಾಕ್ಟೋಮೀಟರ್‌ನಲ್ಲಿ ನೋಡ್ಬೇಕು. ಅಲ್ಲಿ ಬೋರು ನೀರು ಉಪ್ಪು, ಸೆಖೆಗೆ ನೀರು ಬೇಗ ಆರಿ ಉಪ್ಪಿನಂಶ ಏರ್ತಾ ಹೋಗುತ್ತೆ, ಬೆಡ್ಡಿಗೆ ತುಕ್ಕು. ಕಮ್ಮಿ ಆದದ್ದಕ್ಕೆ ಆರ್‌ಒ ನೀರೇ ಹಾಕ್ಬೇಕು. ವಾರಗಟ್ಟಲೆ ನಿಂತ್ರೆ ಕೊಳೆತು ನಾರುತ್ತೆ, ಮಕ್ಕಳು ಹತ್ರನೇ ಬರಲ್ಲ.

ನಾನಾದ್ರೆ ಒಂದು ಸಿಎನ್‌ಸಿ ದುಡ್ಡಲ್ಲಿ ಎಂಟು ಹತ್ತು ಸಾದಾ ಲೇತ್ ಕೊಡಿಸಿ ಉಳಿದದ್ದನ್ನ ಟೂಲ್ ಬಿಟ್, ರೌಂಡ್ ಬಾರ್‌ಗೆ ಇಡ್ತೀನಿ.

ಬಿಸಿಲು ಮಚ್ಚೆ

ಈ ಕಾಲದಲ್ಲಿ ಸಾದಾ ಲೇತ್ ಕಲಿಸಿ ಏನು ಮಾಡ್ತೀರಿ ಮೇಡಂ? ಫ್ಯಾಕ್ಟರಿಯಲ್ಲಿ ಎಲ್ಲಾ ಸಿಎನ್‌ಸಿ.

ಜಿ-ಕೋಡ್ ಗೀತಾ

ಟೂಲ್ ಯಾಕೆ ಕಿರುಚ್ತಿದೆ ಅಂತ ಕಿವಿಗೆ ಗೊತ್ತಾಗದೋನು ಸಿಎನ್‌ಸಿಯಲ್ಲಿ ಬಟನ್ ಒತ್ತೋನಾಗ್ತಾನೆ, ಸೆಟ್ಟರ್ (ಕೆಲಸಕ್ಕೆ ತಕ್ಕಂತೆ ಯಂತ್ರ ಹೊಂದಿಸೋನು) ಆಗಲ್ಲ. ಕೊರತೆ ಇರೋದು ಸೆಟ್ಟರುಗಳಿಗೆ.

ಅಂಕಿ ಗೌಡ

ಇದಕ್ಕೆ ಮದ್ದು ಅಂತ ಈಜಿಪ್ಟ್‌ನಲ್ಲಿ ತಂದದ್ದೇ ಮುಬಾರಕ್-ಕೋಲ್ (ಆಗಿನ ಎರಡೂ ದೇಶದ ನಾಯಕರ ಹೆಸರು) ಯೋಜನೆ. 1991ರಲ್ಲಿ ಜರ್ಮನಿ ಜೊತೆ ಒಪ್ಪಂದ, 1990ರ ದಶಕದ ಮಧ್ಯದಲ್ಲಿ ಟೆಂತ್ ಆಫ್ ರಮದಾನ್ ಅನ್ನೋ ಕೈಗಾರಿಕಾ ಊರಲ್ಲಿ ಶುರು. ವಾರದಲ್ಲಿ ಎರಡು ದಿನ ಶಾಲೆ, ನಾಲ್ಕು ದಿನ ಕಾರ್ಖಾನೆ, ಮೂರು ವರ್ಷ. ಕಾರ್ಖಾನೆ ಕೈಖರ್ಚಿಗೆ ಕೊಡುತ್ತೆ. ಹುಡುಗರನ್ನ ಆರಿಸಿ ಕಂಪನಿಗೆ ಹೊಂದಿಸೋಕೆ ಉದ್ಯಮಿಗಳ ಸಂಘದೊಳಗೇ ಒಂದು ಘಟಕ. ರಾಡು, ಪ್ಲೇಟು, ಕೂಲೆಂಟು ಎಲ್ಲಾ ಕಾರ್ಖಾನೆಯದ್ದು, ಸಾಮಾನಿನ ತಾಪತ್ರಯ ಅಲ್ಲಿಗೆ ಮುಗೀತು.

ಕೈಕೊಟ್ಟದ್ದು ಎಲ್ಲಿ ಅಂದ್ರೆ, ಜರ್ಮನಿಯಲ್ಲಿ ಕಾರ್ಖಾನೆ ಒಳಗೆ ಕಲಿಸೋ ಅರ್ಹತೆ ಪಡೆದ ಮೈಸ್ಟರ್ ಇರ್ತಾನೆ. ಅವನು ಇಲ್ಲದ ಕಡೆ ಸೂಪರ್‌ವೈಸರ್ ಹುಡುಗನನ್ನ ಮೂರು ವರ್ಷ ಒಂದೇ ಪ್ರೆಸ್ಸಿಗೆ ನಿಲ್ಲಿಸಿ ಉತ್ಪಾದನೆ ತೆಗೀತಾನೆ. ಹುಡುಗನನ್ನ ಬೇರೆ ಬೇರೆ ಕೆಲಸಕ್ಕೆ ಬದಲಿಸೋ ವೇಳಾಪಟ್ಟಿ ಕಾಗದದಲ್ಲೇ ಉಳಿಯುತ್ತೆ. ಇನ್ನು ದೊಡ್ಡ ಕಾರ್ಖಾನೆ ಇಲ್ಲದ ಅಪ್ಪರ್ ಈಜಿಪ್ಟ್‌ನಲ್ಲಿ (ದೇಶದ ದಕ್ಷಿಣ ಭಾಗ) ಹುಡುಗರನ್ನ ಕಳಿಸೋದಾದ್ರೂ ಎಲ್ಲಿಗೆ? ಹಾಗಾಗಿ ವರ್ಷ ಎಷ್ಟು ಕಳೆದ್ರೂ ಒಟ್ಟು ತಾಂತ್ರಿಕ ವಿದ್ಯಾರ್ಥಿಗಳಲ್ಲಿ ಇವರದ್ದು ಸಣ್ಣ ಪಾಲೇ. 2018ರಿಂದ ಶುರುವಾದ ಅನ್ವಯಿಕ ತಂತ್ರಜ್ಞಾನ ಶಾಲೆಗಳಲ್ಲಿ ಖಾಸಗಿ ಕಂಪನಿ ಪಾಲುದಾರ ಆಗ್ಬೇಕು ಅನ್ನೋ ನಿಯಮ ಇದೆ, ಅಂಕ ಚೆನ್ನಾಗಿರೋ ಮಕ್ಕಳೂ ಬರ್ತಿದ್ದಾರೆ. ಒಟ್ಟು ತಾಂತ್ರಿಕ ಶಾಲೆಗಳ ಲೆಕ್ಕದಲ್ಲಿ ಅವೂ ಇನ್ನೂ ಸಣ್ಣ ಪಾಲೇ.

ಪೆಟ್ಟಿಗೆ ಅಂಗಡಿ

ಎಲ್ಲರೂ ಶಾಲೆ ಶಾಲೆ ಅಂತಿದೀರಿ. ಈಜಿಪ್ಟಿನ ನಿಜವಾದ ಐಟಿಐ ಅಂದ್ರೆ ಉಸ್ತಾನ ಗ್ಯಾರೇಜು. ಉಸ್ತಾ ಅಂದ್ರೆ ಮೇಸ್ತ್ರಿ, ಅವನ ಕೈಕೆಳಗೆ ಸಬಿ ಅಂತ ಹುಡುಗ. ಕೈರೋದ ಹರಾಫಿಯ್ಯೀನ್‌ಗೆ ಹೋದ್ರೆ ಸಾಲು ಸಾಲು ಕಾರು ರಿಪೇರಿ ಶೆಡ್, ದಮಿಯೆತ್ತಾದಲ್ಲಿ ಮನೆ ಮನೆಯಲ್ಲೂ ಪೀಠೋಪಕರಣ. 70ರ ದಶಕದಲ್ಲಿ ತೈಲ ಬೆಲೆ ಏರಿದಾಗ ಗಲ್ಫಿಗೂ ಇರಾಕಿಗೂ ಹೋದ ಗಾರೆಯೋರು, ಬಡಗಿಗಳು, ಪ್ಲಂಬರುಗಳಲ್ಲಿ ಬಹುಪಾಲು ಇಂಥ ಕಡೆ ಕಲಿತೋರೇ.

ಜಿ-ಕೋಡ್ ಗೀತಾ

ಉಸ್ತಾನ ಹತ್ರ ಕೈಗುಣ ಬರುತ್ತೆ, ಡ್ರಾಯಿಂಗ್ ಓದೋಕೆ ಬರಲ್ಲ. ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ಸಲ್ಲುತ್ತೆ ಅನ್ನೋದು) ಗೊತ್ತಿಲ್ಲ. ಹಳೇ ಕಾರ್ಬುರೇಟರ್ ಕಣ್ಣುಮುಚ್ಚಿ ಬಿಚ್ಚಿ ಜೋಡಿಸೋ ಉಸ್ತಾ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಮುಂದೆ ಕೈಕಟ್ಟಿ ಕೂರ್ತಾನೆ. ಮೇಲಾಗಿ ಹತ್ತು ಹನ್ನೆರಡು ವರ್ಷದ ಮಕ್ಕಳನ್ನ ದುಡಿಸೋದಕ್ಕೆ ಕಲಿಕೆ ಅಂತ ಹೆಸರು.

ಪೆಟ್ಟಿಗೆ ಅಂಗಡಿ

ಒಪ್ಪಿದೆ. ಅದಕ್ಕೇ ಮೊರಾಕೊ ಮಾಡಿದ್ದು ನೋಡಿ ಅಂತೀನಿ. ಅಲ್ಲಿನ 12-00 ನಂಬರಿನ ಅಪ್ರೆಂಟಿಸ್ ಕಾನೂನಿನಲ್ಲಿ ಕಲಿಕೆಯ ಕನಿಷ್ಠ 80 ಪರ್ಸೆಂಟ್ ಕೆಲಸದ ಜಾಗದಲ್ಲೇ, ಕನಿಷ್ಠ 10 ಪರ್ಸೆಂಟ್ ತರಬೇತಿ ಕೇಂದ್ರದಲ್ಲಿ. ಫೆಸ್ ಊರಿನ ಹಿತ್ತಾಳೆ, ಚರ್ಮ, ಜೆಲ್ಲಿಜ್ (ಬಣ್ಣದ ಟೈಲ್ ತುಂಡು ಜೋಡಿಸೋ) ಕೆಲಸದ ಮಅಲ್ಲಿಂಗಳ (ಮೇಸ್ತ್ರಿಗಳ) ಕೈಕೆಳಗಿನ ಹುಡುಗರಿಗೂ ಲೆಕ್ಕಕ್ಕೆ ಬರೋ ಪ್ರಮಾಣಪತ್ರ ಸಿಗೋ ದಾರಿ ಆಯ್ತು.

ಸೂಜಿದಾರ

ಮೊರಾಕೊ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೀತೀನಿ, ಬಾಬು ಅವರು ಕೇಳಿದ್ದಕ್ಕೆ ಅಲ್ಲೇ ಹೆಚ್ಚು ಉತ್ತರ ಇದೆ.

ಮೊದಲು ಬಂದದ್ದು ಶಾಲೆಯಲ್ಲ. ಟ್ಯಾಂಜಿಯರ್ ಮೆಡ್ ಬಂದರು 2007ರಲ್ಲಿ ಶುರುವಾಯ್ತು, ಅದೇ ವರ್ಷ ರೆನೋ ಜೊತೆ ಒಪ್ಪಂದ. ಕಾರ್ಖಾನೆ ಗೋಡೆ ಏಳ್ತಿರುವಾಗ್ಲೇ ಪಕ್ಕದಲ್ಲಿ ಕಾರು ಉದ್ಯಮದ ತರಬೇತಿ ಸಂಸ್ಥೆ ಕಟ್ಟಿದ್ರು. ಕಟ್ಟಡ, ಸಲಕರಣೆ ಸರ್ಕಾರದ್ದು, ನಡೆಸೋದು ರೆನೋ. ಏನು ಕಲಿಸ್ಬೇಕು ಅನ್ನೋದು ಮಂತ್ರಾಲಯದ ಸಮಿತಿಯಲ್ಲಿ ತೀರ್ಮಾನ ಆಗ್ಲಿಲ್ಲ, ಲೈನಿನ ಕೆಲಸ ನೋಡಿ ಆಯ್ತು. ರೆನೋದಲ್ಲಿ ಕೈಚಳಕ ಶಾಲೆ ಅಂತ ಒಂದು ಪದ್ಧತಿ ಇದೆ. ಬೋಲ್ಟ್ ಬಿಗಿಯೋದು, ಕ್ಲಿಪ್ ಕೂರಿಸೋದು, ಸೀಲೆಂಟ್ ಎಳೆಯೋದು, ಪೇಂಟ್ ಗನ್ ಹಿಡಿಯೋದು, ಒಂದೊಂದಕ್ಕೂ ಒಂದೊಂದು ಮೇಜು. ನಿಗದಿತ ಸೆಕೆಂಡಿನೊಳಗೆ, ತಪ್ಪಿಲ್ಲದೆ ಮಾಡಿ ತೋರಿಸಿದ್ರೆ ಮಾತ್ರ ಲೈನಿಗೆ.

ಕಾಸಾಬ್ಲಾಂಕಾ ಹತ್ರ 2011ರಲ್ಲಿ ಬಂದ ವಿಮಾನ ಬಿಡಿಭಾಗದ ಕಸುಬಿನ ಸಂಸ್ಥೆಯದ್ದೂ ಇದೇ ಧಾಟಿ, ಅದನ್ನ ನಡೆಸೋದು ಉದ್ಯಮದೋರ ಸಂಘ. ಕಂಪನಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಿಯೇ ಬ್ಯಾಚು ತೆಗೆಯೋದು.

ಹಣದ ಮೂಲವನ್ನೂ ನೋಡಿ. ಕಂಪನಿಗಳ ಸಂಬಳದ ಮೊತ್ತದ ಮೇಲೆ 1.6 ಪರ್ಸೆಂಟ್ ತರಬೇತಿ ತೆರಿಗೆ. ಟ್ಯುನೀಶಿಯಾದಲ್ಲೂ ಇದೆ, ತಯಾರಿಕಾ ಉದ್ಯಮಕ್ಕೆ 1, ಉಳಿದೋರಿಗೆ 2. ಮೊರಾಕೊದಲ್ಲಿ ಆ ಹಣದ ಬಹುಪಾಲು 1974ರಲ್ಲಿ ಹುಟ್ಟಿದ ಸರ್ಕಾರಿ ತರಬೇತಿ ಕಚೇರಿಗೆ ಹೋಗುತ್ತೆ. ಕಂಪನಿ ತಾನೇ ತರಬೇತಿ ಕೊಟ್ರೆ ಸ್ವಲ್ಪ ವಾಪಸ್ ಪಡೀಬಹುದು, ಆದ್ರೆ ಅದರ ಕಾಗದಪತ್ರದ ಕಾಟಕ್ಕೆ ಹತ್ತು ಜನರ ವರ್ಕ್‌ಶಾಪಿನೋನು ಆ ಕಡೆ ತಲೆ ಹಾಕಲ್ಲ. ತೆರಿಗೆ ಎಲ್ಲರೂ ಕಟ್ತಾರೆ, ಲಾಭ ದೊಡ್ಡೋರಿಗೆ.

ಕಡ್ಡಿಪುಡಿ

ಕ್ಲಿಪ್ ಕೂರಿಸೋದಕ್ಕೆ ವೃತ್ತಿ ಶಿಕ್ಷಣ ಅಂತೀರಾ? ಅಲ್ಲಿನ ಕೆಲಸದಲ್ಲಿ ದೊಡ್ಡ ಪಾಲು ವೈರಿಂಗ್ ಹಾರ್ನೆಸ್ (ಕಾರಿನ ವೈರುಗಳ ಕಟ್ಟು). ಕೆಲವು ವಾರ ಕಲಿಸಿ ಹುಡುಗೀರನ್ನ ಬೋರ್ಡ್ ಮುಂದೆ ನಿಲ್ಲಿಸ್ತಾರೆ. ಇದಕ್ಕೆ ಅಭಿವೃದ್ಧಿ ಅಂತ ಹೆಸರು.

ಸೂಜಿದಾರ

ಹಾರ್ನೆಸ್ ಅಂದ್ರೆ ಬರೀ ಟೇಪ್ ಸುತ್ತೋದಲ್ಲ. ಕ್ರಿಂಪ್ (ವೈರಿನ ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸಿದ ಜಾಗ) ಎತ್ತರವನ್ನ ಮೈಕ್ರೋಮೀಟರ್‌ನಲ್ಲಿ ಮಿಲಿಮೀಟರಿನ ನೂರನೇ ಭಾಗದ ಲೆಕ್ಕಕ್ಕೆ ಅಳೀತಾರೆ. ಜಾಸ್ತಿ ಒತ್ತಿದ್ರೆ ಎಳೆ ಕತ್ತರಿಸುತ್ತೆ, ಕಮ್ಮಿ ಒತ್ತಿದ್ರೆ ಗಾಳಿ ಉಳಿದು ತುಕ್ಕು, ಬಿಸಿ. ಎಳೆದು ನೋಡೋ ಪರೀಕ್ಷೆ, ಅಡ್ಡ ಕತ್ತರಿಸಿ ನೋಡೋ ಪರೀಕ್ಷೆ ಬೇರೆ. ಡೈ ಸವೆತ ಗುರುತಿಸೋ ಹುಡುಗಿ ಎರಡು ಮೂರು ವರ್ಷದಲ್ಲಿ ಕ್ವಾಲಿಟಿಗೆ ಹೋಗ್ತಾಳೆ. ಹೆಣ್ಮಕ್ಕಳು ಮನೆಯಿಂದ ಹೊರಗೆ ಸಂಬಳಕ್ಕೆ ಬರೋದೇ ಕಮ್ಮಿ ಇರೋ ಪ್ರದೇಶದಲ್ಲಿ ಇದನ್ನ ಸಣ್ಣದು ಅಂತ ತಳ್ಳಿಹಾಕ್ಬೇಡಿ.

ಜಿ-ಕೋಡ್ ಗೀತಾ

ಈ ವಿಷಯದಲ್ಲಿ ನಾನು ಅರ್ಧ ಕಡ್ಡಿಪುಡಿ ಪಕ್ಷ. ಕೂಲಿ ಕಮ್ಮಿ ಇರೋ ಕಡೆ ಹಾರ್ನೆಸ್ ಎದ್ದು ಹೋಗುತ್ತೆ. ನೆಲಕ್ಕೆ ಕಚ್ಚಿ ನಿಲ್ಲೋದು ಡೈ, ಅಚ್ಚು, ಜಿಗ್ ಮಾಡೋ ಟೂಲ್‌ರೂಮ್. ಅದಕ್ಕೆ ಕೆಲವು ವಾರ ಸಾಲಲ್ಲ. 1972ರಲ್ಲಿ ಡೆನ್ಮಾರ್ಕ್ ನೆರವಲ್ಲಿ ಬೆಂಗಳೂರಲ್ಲಿ ಶುರುವಾದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷ, ಮೇಲೊಂದು ವರ್ಷ ಕಾರ್ಖಾನೆ. ಹೊರಗಿನ ಆರ್ಡರ್ ಹಿಡಿದು ಡೈ ಮಾಡಿ ಮಾರ್ತಾರೆ, ಅದೇ ಕೆಲಸದಲ್ಲಿ ಹುಡುಗರೂ ಕಲೀತಾರೆ, ಸಾಮಾನಿನ ಖರ್ಚೂ ಅದ್ರಲ್ಲೇ ಹುಟ್ಟುತ್ತೆ. ಸರ್ಕಾರಿ ಶಾಲೆ ಹೊರಗಿನ ಆರ್ಡರ್ ಹಿಡಿದು ಬಂದ ದುಡ್ಡನ್ನ ತಾನೇ ಇಟ್ಕೊಳ್ಳೋ ಅಧಿಕಾರ ಕೊಡದೆ ಇದು ಆಗಲ್ಲ.

ಹುಬ್ಳಿ ಮಂದಿ

ಅಲ್ಜೀರಿಯಾ ಯಾರೂ ಎತ್ತಲಿಲ್ಲಲ್ರಿ? 1969ರಾಗ ಎಲ್ ಹಜಾರ್ ಉಕ್ಕಿನ ಕುಲುಮಿ ಹಚ್ಚಿದ್ರು. 70ರ ದಶಕದಾಗ ಬೂಮೆದಿಯನ್ ಸರ್ಕಾರ ಕಾರ್ಖಾನಿ ಮ್ಯಾಲ ಕಾರ್ಖಾನಿ ತರಿಸ್ತು. ಮೊದಲ ಕೀಲಿ ಕೈಗೆ ಕೊಡೂ ಕರಾರು, ಅಂದ್ರ ಹೊರಗಿನಾಂವ ಕಟ್ಟಿ ಕೀಲಿ ಕೊಟ್ಟು ಹೋಗೂದು. ಆಮ್ಯಾಲ ನಡಸಾಕ ಯಾರಿಗೂ ಬರವೊಲ್ದು. ಅದಕ್ಕ ಕರಾರಿನ ತರಹಾನ ಬದಲು ಮಾಡಿದ್ರು: ಸ್ಥಳೀಯ ಮಂದಿ ತಾವ ನಡಸಿ, ಒಪ್ಪಿದಷ್ಟು ಮಾಲು ತಗದು ತೋರಿಸೂತನಕ ಹೊರಗಿನಾಂವನ ಜವಾಬ್ದಾರಿ ಮುಗಿಯಂಗಿಲ್ಲ. ವಿಚಾರ ಭಾಳ ಛಲೋ ಇತ್ತು. ರೊಕ್ಕ ಮಾತ್ರ ಹೆಚ್ಚಾತು, ಯಾಕಂದ್ರ ಎಲ್ಲಾ ಗಂಡಾಂತರ ಹೊರಗಿನಾಂವ ರೇಟಿನಾಗ ಸೇರಸ್ತಾನ. ಮತ್ತ ಮಾಲು ತಗಿಯೂದು ಕಲಿಸಿದ್ರ ಹೊರತು ಕೆಟ್ಟ ಮಷಿನ್ ದುರಸ್ತಿ, ಬಿಡಿಭಾಗ ಮಾಡೂದು ಕಲಿಸಲಿಲ್ಲ.

ಗೇಜ್ ಗುರು

ಗಲ್ಫ್ ಕಡೆ ಬರೋಣ. ಅಲ್ಲಿನ ಸಮಸ್ಯೆ ಶಾಲೆಯಲ್ಲಿ ಇಲ್ಲ, ಸಂಬಳದ ಚೀಟಿಯಲ್ಲಿದೆ. ಮೂರ್ನಾಲ್ಕು ವರ್ಷ ಅನುಭವ ಇರೋ ಎಸಿ ಮೆಕ್ಯಾನಿಕ್ ಹೊರದೇಶದಿಂದ ಕಮ್ಮಿ ಸಂಬಳಕ್ಕೆ ಸಿಗುವಾಗ, ಅದೂ ಬಹುಕಾಲ ಕಫಾಲಾದಿಂದಾಗಿ (ಕೆಲಸಗಾರನ ವೀಸಾ ಮಾಲೀಕನ ಹಿಡಿತದಲ್ಲಿರೋ ಪದ್ಧತಿ) ಸುಲಭಕ್ಕೆ ಕಂಪನಿ ಬಿಡೋಕಾಗದೆ ಇದ್ದೋನು, ಕಂಪನಿಯೋನು ಸೌದಿ ಹುಡುಗನಿಗೆ ಎರಡು ವರ್ಷ ಯಾಕೆ ಕಲಿಸ್ತಾನೆ? ಹುಡುಗನೂ ಯಾಕೆ ಬರ್ತಾನೆ, ಸರ್ಕಾರಿ ಕಚೇರಿಯಲ್ಲಿ ಇದಕ್ಕಿಂತ ಹೆಚ್ಚು ಸಂಬಳ, ಕಮ್ಮಿ ಹೊತ್ತು. 2011ರ ನಿತಾಕತ್ ನಿಯಮ (ಇಂತಿಷ್ಟು ಸೌದಿ ಜನರನ್ನ ಕೆಲಸಕ್ಕೆ ಇಟ್ಕೊಳ್ಳಲೇಬೇಕು ಅನ್ನೋದು) ಕಂಪನಿಗಳಿಗೆ ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಚ್ತು. ಅದು ಎಣಿಸಿದ್ದು ತಲೆ, ಕಸುಬಲ್ಲ. ಸೌದಿ ಹುಡುಗರ ಹೆಸರು ದಾಖಲೆಯಲ್ಲಿಟ್ಟು ಮನೇಲಿ ಕೂರಿಸಿ ಸಂಬಳ ಕೊಟ್ಟ ಕಂಪನಿಗಳೂ ಇದ್ವು.

ತರಬೇತಿ ಫಲ ಕೊಟ್ಟದ್ದು ಎಲ್ಲಿ? ಸೌದಿ ತೈಲ ಕಂಪನಿ ಅರಾಮ್ಕೊದಲ್ಲಿ. 1940ರ ದಶಕದಿಂದ್ಲೇ ಧಹ್ರಾನ್‌ನಲ್ಲಿ ಕೆಲಸಗಾರರಿಗೆ ಶಾಲೆ. ಈಗಿನ ಅಪ್ರೆಂಟಿಸ್ ಪದ್ಧತಿಯಲ್ಲಿ ಮೊದಲು ಇಂಗ್ಲಿಷು, ಗಣಿತ, ಆಮೇಲೆ ಕಸುಬು, ಎಲ್ಲಾ ಹೊತ್ತೂ ಭತ್ಯೆ, ಕೊನೆಗೆ ಅಲ್ಲೇ ಕೆಲಸ. ಇನ್ನೊಂದು 2002ರಲ್ಲಿ ಜೆಡ್ಡಾದಲ್ಲಿ ಶುರುವಾದ ಸೌದಿ-ಜಪಾನ್ ಆಟೊಮೊಬೈಲ್ ಸಂಸ್ಥೆ. ಎರಡು ವರ್ಷ ಕಲಿಕೆ, ಖರ್ಚಿಗೂ ಆಮೇಲಿನ ಕೆಲಸಕ್ಕೂ ಜಪಾನಿ ಕಾರಿನ ಡೀಲರುಗಳು ಬೆನ್ನಿಗೆ. ಎರಡರಲ್ಲೂ ಕೆಲಸ ಮೊದಲು, ಕಲಿಕೆ ಆಮೇಲೆ. 2013ರ ನಂತರ ಹೊರದೇಶದ ಸಂಸ್ಥೆಗಳಿಗೆ ಕಾಲೇಜು ನಡೆಸೋಕೆ ಕೊಟ್ರಲ್ಲ, ಅಲ್ಲಿ ತಿರುವುಮುರುವು. ಬಂದ ಹುಡುಗರಿಗೆ ಇಂಗ್ಲಿಷ್ ಮಟ್ಟ ಸಾಲದು, ನಡುವೆ ಬಿಟ್ಟೋರು ಬಹಳ. ಹಲವು ಸಂಸ್ಥೆಗಳು ಕೆಲವೇ ವರ್ಷದಲ್ಲಿ ಗಂಟುಮೂಟೆ ಕಟ್ಟಿದ್ವು.

ಲೇತ್ ಬಾಬು

ಗುರುಗಳೇ, ಪಠ್ಯದ ಪಾತ್ರ ಏನೂ ಇಲ್ವಾ ಹಾಗಾದ್ರೆ?

ಗೇಜ್ ಗುರು

ಇದೆ, ಒಂದು ಉದಾಹರಣೆ ತಗೊಳ್ಳಿ. ಎಸಿ ಪಠ್ಯಗಳಲ್ಲಿ ಒತ್ತಡದ ಪಟ್ಟಿ ಇರೋದು ಹೊರಗೆ 35 ಡಿಗ್ರಿ ಇದ್ದಾಗಿನದ್ದು, ಟಿ1 ಅಂತಾರೆ. ಗಲ್ಫಿನ ಬೇಸಿಗೆ ಟಿ3, ಅಂದ್ರೆ 46 ಡಿಗ್ರಿ. ಆರ್-410ಎ ಗ್ಯಾಸಿನ ಹೈ ಸೈಡ್ (ಕಂಪ್ರೆಸರಿಂದ ಹೊರಬರೋ ಕಡೆಯ) ಒತ್ತಡ 35 ಡಿಗ್ರಿಗೆ 400 ಪಿಎಸ್‌ಐ ಆಸುಪಾಸು ಇದ್ರೆ, 46ಕ್ಕೆ 500 ದಾಟೋದು ಸಹಜ. ಪಟ್ಟಿ ಬಾಯಿಪಾಠ ಮಾಡಿದ ಹುಡುಗ ಗೇಜ್ ನೋಡಿ ಗಾಬರಿಯಾಗಿ ಗ್ಯಾಸ್ ಬಿಡ್ತಾನೆ. ತಂಪು ಕಮ್ಮಿಯಾಗುತ್ತೆ, ಕಂಪ್ರೆಸರಿಗೆ ವಾಪಸ್ ಬರೋ ಗ್ಯಾಸ್ ಸಾಲದೆ ಕಂಪ್ರೆಸರ್ ಬಿಸಿಯಾಗಿ ಸುಡುತ್ತೆ. ಮಾಡ್ಬೇಕಾದ್ದು ಮೊದಲು ಧೂಳು ತುಂಬಿದ ಕಂಡೆನ್ಸರ್ ತೊಳೆಯೋದು, ಆಮೇಲೆ ಸಬ್‌ಕೂಲಿಂಗ್ (ದ್ರವವಾದ ಗ್ಯಾಸ್ ಇನ್ನೆಷ್ಟು ತಣ್ಣಗಾಗಿದೆ ಅನ್ನೋದು) ಅಳೆಯೋದು, ಸಂಶಯ ಇದ್ರೆ ಗ್ಯಾಸ್ ಪೂರ್ತಿ ತೆಗೆದು 500 ಮೈಕ್ರಾನ್‌ಗೆ ವ್ಯಾಕ್ಯೂಮ್ ಎಳೆದು ಯಂತ್ರದ ನೇಮ್‌ಪ್ಲೇಟ್ ಮೇಲೆ ಬರೆದ ತೂಕ ನೋಡಿ ತುಂಬೋದು. ಆ ಊರ ಸೆಖೆಗೆ ತಕ್ಕ ಪಠ್ಯ ಆ ಊರಲ್ಲೇ ಬರೀಬೇಕು.

ಕಡಲ್ಕರೆ

ವಿಷಯಾಂತರಕ್ಕೆ ಕ್ಷಮಿಸಿ. ನಮ್ಮ ಕಡೆ ಹುಡುಗರು ಇನ್ನೂ ಸೌದಿಗೆ ಹೊರಡುವವರು ಉಂಟು. ಈಗ ಐಟಿಐ ಸರ್ಟಿಫಿಕೇಟ್ ಒಂದೇ ಸಾಕಾಗುದಿಲ್ಲ ಅಂತಾರಲ್ಲ, ಹೌದಾ?

ಗೇಜ್ ಗುರು

ಹೌದು. ಸೌದಿಯೋರು 2021ರಿಂದ ಕೌಶಲ ಪರಿಶೀಲನೆ ತಂದಿದ್ದಾರೆ. ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ, ಆಟೊ ಎಲೆಕ್ಟ್ರಿಷಿಯನ್ ಮೊದಲ ಸಾಲಲ್ಲಿದ್ವು, ಆಮೇಲೆ ಪಟ್ಟಿ ಬೆಳೆದಿದೆ. ಹೊರಡೋ ಮುಂಚೆ ಭಾರತದಲ್ಲೇ ಪರೀಕ್ಷೆ, ಪ್ರಶ್ನೆಪತ್ರಿಕೆ ಮತ್ತು ಪ್ರಾಯೋಗಿಕ ಎರಡೂ. ವೀಸಾದಲ್ಲಿ ಬರೆದ ಕಸುಬೂ ಪರೀಕ್ಷೆ ಕಸುಬೂ ಒಂದೇ ಇರ್ಬೇಕು, ಏಜೆಂಟ್ ಅಲ್ಲಿ ಬೇರೆ ಬರೆಸಿದ್ರೆ ಮೊದಲೇ ಸರಿ ಮಾಡಿಸ್ಕೊಳ್ಳಲಿ.

ಹಳೇ ಕಡತ

ದುಡ್ಡಿಲ್ಲದೆಯೂ ಚೆನ್ನಾಗಿ ನಡೆದ ಉದಾಹರಣೆ ಬೇಕಾದ್ರೆ ಪ್ಯಾಲೆಸ್ಟೀನಿ ನಿರಾಶ್ರಿತರಿಗಾಗಿ ವಿಶ್ವಸಂಸ್ಥೆಯ ಉನ್ರ್ವಾ ನಡೆಸಿದ ಕೇಂದ್ರಗಳನ್ನ ನೋಡಿ. ವೆಸ್ಟ್ ಬ್ಯಾಂಕಿನ ಕಲಾಂದಿಯಾದ್ದು 1953ರಲ್ಲಿ ಶುರು, ಆಮೇಲೆ ಜೋರ್ಡಾನಿನ ವಾದಿ ಸೀರ್, ಲೆಬನಾನಿನ ಸಿಬ್ಲಿನ್. ಭೂಮಿ ಇಲ್ಲ, ಸರ್ಕಾರಿ ಕೆಲಸದ ಆಸೆ ಇಲ್ಲ, ಕೈಕಸುಬೇ ಆಸ್ತಿ. ಅಲ್ಲಿ ಕಲಿತೋರು ಗಲ್ಫ್ ಕಟ್ಟಿದೋರ ಸಾಲಲ್ಲಿದ್ದಾರೆ. ಜೊತೆಗೆ ವಕ್ಫ್ ದಾರಿಯೂ ಇದೆ. ಲಿಬಿಯಾದ ಟ್ರಿಪೋಲಿಯಲ್ಲಿ 19ನೇ ಶತಮಾನದ ಕೊನೆಗೆ ಹುಟ್ಟಿದ ಕಸುಬಿನ ಶಾಲೆಗೆ ದತ್ತಿ ಆಸ್ತಿಯ ಬಾಡಿಗೆ ಆಧಾರ. ರಾಡು, ಪ್ಲೇಟಿನ ಖರ್ಚಿಗೆ ಅಂತಲೇ ಅಂಗಡಿ ಸಾಲೊಂದನ್ನ ವಕ್ಫ್ ಮಾಡಿಟ್ರೆ ಬಜೆಟ್ಟಿಗೆ ಕೈಚಾಚೋದು ತಪ್ಪುತ್ತೆ.

ರಾಡ್ ಹೋಲ್ಡರ್

ಇದು ಒಳ್ಳೆ ಐಡಿಯಾ. ಆದ್ರೆ ದತ್ತಿ ಪತ್ರದಲ್ಲಿ "ಬಾಡಿಗೆ ಹಣ ಕಚ್ಚಾ ಸಾಮಾನಿಗೆ ಮಾತ್ರ" ಅಂತ ಸ್ಪಷ್ಟ ಬರೆಸ್ಬೇಕು. ಇಲ್ಲಾಂದ್ರೆ ಮೊದಲ ವರ್ಷವೇ ಕಾಂಪೌಂಡ್ ಗೋಡೆಗೆ ಹೋಗುತ್ತೆ.

ಬಿಸಿಲು ಮಚ್ಚೆ

ಮೊರಾಕೊದಲ್ಲಿ ಕಲಿಸೋದು ಅರಬ್ಬಿಯಲ್ಲೋ ಫ್ರೆಂಚಲ್ಲೋ?

ಸೂಜಿದಾರ

ತಾಂತ್ರಿಕ ವಿಷಯ ಹೆಚ್ಚಾಗಿ ಫ್ರೆಂಚ್. ಶಾಲೆಯಲ್ಲಿ ವಿಜ್ಞಾನ ಬಹುಕಾಲ ಅರಬ್ಬಿಯಲ್ಲೇ ಇತ್ತು, ಹಾಗಾಗಿ ತರಬೇತಿ ಕೇಂದ್ರಕ್ಕೆ ಬಂದ ಹುಡುಗ ಮೊದಲ ಆರು ತಿಂಗಳು ಟಾರ್ಕ್ ಅನ್ನೋದನ್ನಲ್ಲ, ಫ್ರೆಂಚನ್ನೇ ಕಲೀತಿದ್ದ. 2019ರ 51-17 ಕಾನೂನಿನಲ್ಲಿ ವಿಜ್ಞಾನವನ್ನ ಮತ್ತೆ ಫ್ರೆಂಚಲ್ಲಿ ಕಲಿಸೋಕೆ ದಾರಿ ಮಾಡಿದ್ರು, ಅದರ ಮೇಲೆ ಸಂಸತ್ತಲ್ಲಿ ದೊಡ್ಡ ಗಲಾಟೆ. ವರ್ಕ್‌ಶಾಪಿನೊಳಗೆ ಮಾತೆಲ್ಲ ದಾರಿಜಾ (ಅಲ್ಲಿನ ಆಡುಮಾತಿನ ಅರಬ್ಬಿ), ಸ್ಪಾನರ್ ನಂಬರ್ ಮಾತ್ರ ಫ್ರೆಂಚು.

ಲೇತ್ ಬಾಬು

ಪೆಟ್ಟಿಗೆ ಅಂಗಡಿ ಅವರೇ, ಆ 12-00 ಕಾನೂನಲ್ಲಿ ಹುಡುಗನಿಗೆ 18 ತುಂಬದಿದ್ರೆ ಕರಾರಿಗೆ ಸಹಿ ಯಾರು ಹಾಕ್ತಾರೆ?

ಪೆಟ್ಟಿಗೆ ಅಂಗಡಿ

ಅಪ್ಪ ಅಥವಾ ಕಾನೂನು ಪ್ರಕಾರ ಪೋಷಕರು. ಕರಾರು ಬರವಣಿಗೆಯಲ್ಲೇ ಇರ್ಬೇಕು, ವಯಸ್ಸು ಕನಿಷ್ಠ 15.